ನಾಳೆಯ ಗಾಳಿಗೆ ಇಂದೇ ಸುದ್ದಿ: ಕ್ಯಾಪ್ಟನ್ ಫಿಟ್ಜ್‌ರಾಯ್

ರಾಣೆಬೆನ್ನೂರು ತಾಲೂಕಿನ ದೇವರಗುಡ್ಡದಲ್ಲಿ ಪ್ರತಿ ವರ್ಷ ದಸರಾ ಹೊತ್ತಿಗೆ ಕಾರಣಿಕ ನಡೆಯುವುದು ನಿಮಗೆಲ್ಲ ಗೊತ್ತು. ಗೊರವಯ್ಯನವರು ಎತ್ತರದ ಬಿಲ್ಲನ್ನೇರಿ ಒಂದೇ ಒಂದು ಮಾತು ನುಡಿದು ಕೆಳಕ್ಕೆ ಬೀಳುತ್ತಾರೆ. ಮರುದಿನ ಆ ಮಾತು ಪತ್ರಿಕೆಯಲ್ಲಿ ಅಚ್ಚಾಗುತ್ತದೆ. ಈ ವರ್ಷ ಮಳೆ ಹೇಗೆ, ಬೆಳೆ ಹೇಗೆ ಎಂದು ಹಿರಿಯರು ಕಟ್ಟೆಯ ಮೇಲೆ ಕುಳಿತು ಅದರ ಅರ್ಥ ಬಿಡಿಸುತ್ತಾರೆ.

ಅದೇ ಪತ್ರಿಕೆಯ ಇನ್ನೊಂದು ಪುಟದ ಮೂಲೆಯಲ್ಲಿ ಚಿಕ್ಕ ಅಕ್ಷರದ ಇನ್ನೊಂದು ಸುದ್ದಿ ಇರುತ್ತದೆ. ಉತ್ತರ ಒಳನಾಡಿನ ಕೆಲವು ಕಡೆ ಗುಡುಗು ಸಹಿತ ಮಳೆಯಾಗುವ ಸಾಧ್ಯತೆ ಇದೆ ಎಂದು ಅದು ಹೇಳುತ್ತದೆ. ಇದನ್ನು ಹವಾ ಮುನ್ಸೂಚನೆ ಎನ್ನುತ್ತೇವೆ. ಕಾರಣಿಕ ನಂಬಿಕೆಯ ವಿಷಯ. ಮುನ್ಸೂಚನೆ ಲೆಕ್ಕಾಚಾರದ ವಿಷಯ. ಆದರೂ ಈ ಎರಡನೆಯದರಲ್ಲೂ ಖಂಡಿತ ಎಂಬ ಪದ ಇಲ್ಲ, ನೋಡಿ. ಕೆಲವು ಕಡೆ ಎಂದರೆ ಯಾವ ಕಡೆ? ಸಾಧ್ಯತೆ ಎಂದರೆ ಎಷ್ಟು ಸಾಧ್ಯತೆ? ಬ್ಯಾಡಗಿ ಸೀಮೆಯಲ್ಲಿ ಕಣದ ತುಂಬ ಮೆಣಸಿನಕಾಯಿ ಒಣಹಾಕಿದ ಮನೆಯವರಿಗೆ ಈ ಪ್ರಶ್ನೆ ಚಿಕ್ಕದಲ್ಲ. ಒಂದು ಅಕಾಲಿಕ ಮಳೆ ಸಾಕು, ಕೆಂಪಗೆ ಒಣಗಿದ ಕಾಯಿಗೆ ಬೂಸ್ಟು ಹಿಡಿದು ಇಡೀ ವರ್ಷದ ದುಡಿಮೆ ಹಾಳಾಗುತ್ತದೆ.

ನಾಳೆಯ ಹವಾಮಾನವನ್ನು ಪ್ರತಿದಿನ ಪತ್ರಿಕೆಯಲ್ಲಿ ಹೇಳುವ ಕೆಲಸವನ್ನು ಸರ್ಕಾರದ ಪರವಾಗಿ ಮೊದಲು ಶುರುಮಾಡಿದಾತ ಒಬ್ಬ ಹಡಗಿನ ಕ್ಯಾಪ್ಟನ್. ಖಚಿತವಾಗಿ ಗೊತ್ತಿಲ್ಲದ್ದನ್ನು ಜನರಿಗೆ ಹೇಗೆ ಹೇಳಬೇಕು ಎಂಬ ಕಷ್ಟವನ್ನು ಮೊದಲು ಅನುಭವಿಸಿದವನೂ ಆತನೇ. ಹೆಸರು ರಾಬರ್ಟ್ ಫಿಟ್ಜ್‌ರಾಯ್.

ಫಿಟ್ಜ್‌ರಾಯ್ ಹುಟ್ಟಿದ್ದು 1805ರ ಜುಲೈ 5ರಂದು, ಇಂಗ್ಲೆಂಡಿನ ಸಫೋಕ್ ಪ್ರಾಂತ್ಯದಲ್ಲಿ. ಶ್ರೀಮಂತ ಮನೆತನದ ಹುಡುಗ. ಹನ್ನೆರಡನೆಯ ವಯಸ್ಸಿಗೆ, ಅಂದರೆ ನಿಮ್ಮಷ್ಟೇ ದೊಡ್ಡವನಿದ್ದಾಗ, ಪೋರ್ಟ್ಸ್‌ಮತ್ ಊರಿನ ನೌಕಾ ಶಾಲೆಗೆ ಸೇರಿದ. ಅಲ್ಲಿನ ಪರೀಕ್ಷೆಯಲ್ಲಿ ಪೂರ್ತಿ ಅಂಕ ಪಡೆದ. ಕೋಪ ಬೇಗ ಬರುತ್ತಿತ್ತು. ಕೆಲಸದಲ್ಲಿ ಮಾತ್ರ ಬಹಳ ಅಚ್ಚುಕಟ್ಟು.

1828ರ ಕೊನೆಯಲ್ಲಿ, ಇಪ್ಪತ್ಮೂರನೆಯ ವಯಸ್ಸಿನಲ್ಲಿ, ಆತನಿಗೆ ಬೀಗಲ್ ಎಂಬ ಹಡಗಿನ ಹೊಣೆ ಸಿಕ್ಕಿತು. ದಕ್ಷಿಣ ಅಮೆರಿಕದ ಕರಾವಳಿಯ ನಕ್ಷೆ ತಯಾರಿಸುವುದು ಈ ಹಡಗಿನ ಕೆಲಸ. ಹೊಣೆ ಹೊತ್ತು ಕೆಲವೇ ವಾರಗಳಾಗಿದ್ದವು. 1829ರ ಜನವರಿ 30ರಂದು, ಲಾ ಪ್ಲಾಟಾ ನದಿ ಸಮುದ್ರ ಸೇರುವ ಜಾಗದ ಹತ್ತಿರ, ಹಡಗಿನ ವಾಯುಭಾರಮಾಪಕದಲ್ಲಿ ಪಾದರಸ ಕೆಳಗಿಳಿದಿತ್ತು.

ವಾಯುಭಾರಮಾಪಕದ ಬಗ್ಗೆ ನೀವು ವಿಜ್ಞಾನ ಪಾಠದಲ್ಲಿ ಓದಿರಬಹುದು. ನಮ್ಮ ಮೇಲಿರುವ ಗಾಳಿಗೂ ಭಾರವಿದೆ. ಆ ಭಾರ ಬಟ್ಟಲಲ್ಲಿರುವ ಪಾದರಸವನ್ನು ಒತ್ತಿ ಗಾಜಿನ ಕೊಳವೆಯೊಳಗೆ ಮೇಲೇರಿಸುತ್ತದೆ. ಸಮುದ್ರ ಮಟ್ಟದಲ್ಲಿ ಸಾಮಾನ್ಯವಾಗಿ 76 ಸೆಂಟಿಮೀಟರ್ ಎತ್ತರದಲ್ಲಿ ಪಾದರಸ ನಿಲ್ಲುತ್ತದೆ. ಗಾಳಿಯ ಒತ್ತಡ ಕಡಿಮೆಯಾದರೆ ಪಾದರಸವೂ ಇಳಿಯುತ್ತದೆ. ಒತ್ತಡ ಕಡಿಮೆ ಇರುವ ಕಡೆಗೆ ಸುತ್ತಲಿನ ಗಾಳಿ ನುಗ್ಗಿ ಬರುವುದರಿಂದ, ಪಾದರಸ ಸರಸರನೆ ಇಳಿದರೆ ಬಿರುಗಾಳಿ ಬರಬಹುದು ಎಂದು ನಾವಿಕರು ಅನುಭವದಿಂದ ತಿಳಿದಿದ್ದರು. ಬರಬಹುದು ಎಂಬ ಪದವನ್ನು ನೆನಪಿಡಿ. ಕೆಲವು ಸಲ ಪಾದರಸ ಇಳಿದರೂ ಗಾಳಿ ಬರುವುದಿಲ್ಲ.

ಆ ದಿನ ಗಾಳಿ ಬಂತು. ಆ ಸೀಮೆಯಲ್ಲಿ ಪಾಂಪೆರೊ ಎಂದು ಕರೆಯುವ ಭಯಂಕರ ಗಾಳಿ ಅದು. ಹಡಗು ಒಂದು ಮಗ್ಗುಲಿಗೆ ಮಲಗಿಬಿಟ್ಟಿತು. ಕೂವೆಕಂಬಗಳ ಮೇಲ್ತುದಿಗಳು ಮುರಿದವು. ಇಬ್ಬರು ನಾವಿಕರು ಸಮುದ್ರದ ಪಾಲಾದರು. ಹಡಗು ಹೇಗೋ ಎದ್ದು ನಿಂತಿತು. ಪಾದರಸ ಕೊಟ್ಟ ಸೂಚನೆಗೆ ತಕ್ಕಂತೆ ಹಾಯಿಗಳನ್ನು ಮೊದಲೇ ಇಳಿಸಿದ್ದರೆ ಆ ಇಬ್ಬರು ಉಳಿಯುತ್ತಿದ್ದರು ಎಂಬ ಕೊರಗು ಫಿಟ್ಜ್‌ರಾಯ್‌ನನ್ನು ಬಿಡಲಿಲ್ಲ. ಮುಂದೆ ಆತ ಮಾಡಿದ ಕೆಲಸಕ್ಕೆಲ್ಲ ಇದೇ ಬೀಜ ಎಂದು ನನಗನ್ನಿಸುತ್ತದೆ.

ಬೀಗಲ್ ಹಡಗಿನ ಎರಡನೆಯ ಪ್ರಯಾಣ ನಿಮಗೆ ಗೊತ್ತಿರುವಂಥದ್ದೇ. 1831ರ ಡಿಸೆಂಬರ್ 27ರಂದು ಹೊರಟು 1836ರ ಅಕ್ಟೋಬರಿನಲ್ಲಿ ಹಿಂದಿರುಗಿದ ಈ ಪ್ರಯಾಣದಲ್ಲಿ ಕ್ಯಾಪ್ಟನ್ ಜೊತೆ ಒಬ್ಬ ತರುಣ ಇದ್ದ. ಆತನೇ ಚಾರ್ಲ್ಸ್ ಡಾರ್ವಿನ್. ಡಾರ್ವಿನ್ ಕಲ್ಲು, ಮೂಳೆ, ಹಕ್ಕಿ, ಕೀಟಗಳನ್ನು ಕೂಡಿಹಾಕುತ್ತಿದ್ದರೆ ಫಿಟ್ಜ್‌ರಾಯ್ ಗಾಳಿ, ಒತ್ತಡ, ಉಷ್ಣತೆಗಳನ್ನು ಬರೆದಿಡುತ್ತಿದ್ದ. ಗಾಳಿಯ ಬಲವನ್ನು ಅಂಕಿಯಲ್ಲಿ ಹೇಳುವ ಬೋಫರ್ಟ್ ಮಾಪನವನ್ನು ಅಧಿಕೃತವಾಗಿ ಮೊದಲು ಬಳಸಿದ್ದು ಈ ಪ್ರಯಾಣದಲ್ಲೇ. ಬೀಸುವ ಗಾಳಿಗೆ ಒಬ್ಬ ಜೋರು ಎನ್ನಬಹುದು, ಇನ್ನೊಬ್ಬ ಸಾಧಾರಣ ಎನ್ನಬಹುದು. ಅಂಕಿ ಕೊಟ್ಟರೆ ಇಬ್ಬರಿಗೂ ಒಂದೇ ಅರ್ಥವಾಗುತ್ತದೆ.

ಆಮೇಲೆ ಆತ ಪಾರ್ಲಿಮೆಂಟಿನ ಸದಸ್ಯನಾದ. 1843ರಿಂದ 1845ರವರೆಗೆ ನ್ಯೂಜಿಲೆಂಡಿನ ಗವರ್ನರ್ ಆಗಿದ್ದ. ಅಲ್ಲಿ ಯಶಸ್ಸು ಸಿಗದೆ ವಾಪಸು ಕರೆಸಿಕೊಂಡರು. ಈ ಭಾಗವನ್ನು ಇಷ್ಟಕ್ಕೇ ಬಿಡೋಣ. ನಮ್ಮ ಕತೆ ಶುರುವಾಗುವುದು 1854ರಲ್ಲಿ.

ಆ ವರ್ಷ ಬ್ರಿಟಿಷ್ ಸರ್ಕಾರ ವ್ಯಾಪಾರ ಮಂಡಳಿಯ ಕೆಳಗೆ ಹವಾಮಾನದ ಒಂದು ಚಿಕ್ಕ ಕಚೇರಿ ತೆರೆಯಿತು. ಮುಖ್ಯಸ್ಥ ಫಿಟ್ಜ್‌ರಾಯ್, ಕೈಕೆಳಗೆ ಮೂರ್ನಾಲ್ಕು ಜನ. ಮುಂದೆ ಇದೇ ಬ್ರಿಟನ್ನಿನ ದೊಡ್ಡ ಹವಾಮಾನ ಇಲಾಖೆಯಾಗಿ ಬೆಳೆಯಿತು. ಆದರೆ ಆಗ ಕಚೇರಿಗೆ ಕೊಟ್ಟ ಕೆಲಸ ಇಷ್ಟೇ: ಹಡಗುಗಳಿಗೆ ಉಪಕರಣ ಕೊಡುವುದು, ಅವರು ಬರೆದು ತಂದ ಅಂಕಿ ಅಂಶಗಳನ್ನು ಕೂಡಿಸಿಡುವುದು. ನಾಳೆ ಏನಾಗುತ್ತದೆ ಎಂದು ಹೇಳುವ ಕೆಲಸ ಅದರಲ್ಲಿ ಇರಲಿಲ್ಲ. ಅದೇ ವರ್ಷ ಪಾರ್ಲಿಮೆಂಟಿನಲ್ಲಿ ಒಬ್ಬ ಸದಸ್ಯರು, ಲಂಡನ್ನಿನ ಹವಾಮಾನವನ್ನು ಒಂದು ದಿನ ಮೊದಲೇ ತಿಳಿಯುವ ಕಾಲ ಬರಬಹುದು ಎಂದು ಹೇಳಿದಾಗ ಸಭೆಯಲ್ಲಿದ್ದವರು ನಕ್ಕರು. ಈಗ ನಾವು ಬೆಳಗ್ಗೆ ಎದ್ದು ಮೊಬೈಲಿನಲ್ಲಿ ಐದು ದಿನದ ಮಳೆ ನೋಡುತ್ತೇವೆ!

1859ರ ಅಕ್ಟೋಬರ್ 25ರ ರಾತ್ರಿ ಆ ನಗು ನಿಂತಿತು. ರಾಯಲ್ ಚಾರ್ಟರ್ ಎಂಬ ಉಗಿ ಹಡಗು ಆಸ್ಟ್ರೇಲಿಯಾದ ಮೆಲ್ಬರ್ನ್‌ನಿಂದ ಹೊರಟು ಲಿವರ್‌ಪೂಲ್ ಬಂದರನ್ನು ಇನ್ನೇನು ಮುಟ್ಟುವುದರಲ್ಲಿತ್ತು. ಚಿನ್ನದ ಗಣಿಗಳಲ್ಲಿ ದುಡಿದು ಮನೆಗೆ ಮರಳುವ ಜನ ಅದರಲ್ಲಿದ್ದರು. ವೇಲ್ಸ್ ಪಕ್ಕದ ಆಂಗ್ಲಸೀ ದ್ವೀಪದ ಬಂಡೆಗಳಿಗೆ ಬಿರುಗಾಳಿ ಹಡಗನ್ನು ಅಪ್ಪಳಿಸಿತು. ದಡ ಕಣ್ಣೆದುರಿಗೇ ಇತ್ತು. ಸುಮಾರು 450 ಜನ ಸತ್ತರು. ಆ ಒಂದು ಬಿರುಗಾಳಿಗೆ ಬ್ರಿಟನ್ನಿನ ಸುತ್ತ 133 ಹಡಗುಗಳು ಮುಳುಗಿ, ಸುಮಾರು 800 ಜನ ಪ್ರಾಣ ಕಳೆದುಕೊಂಡರು.

ಫಿಟ್ಜ್‌ರಾಯ್ ಬೇರೆ ಬೇರೆ ಊರುಗಳ ದಾಖಲೆ ತರಿಸಿ ಆ ಬಿರುಗಾಳಿಯ ದಾರಿಯನ್ನು ನಕ್ಷೆಯ ಮೇಲೆ ಗುರುತಿಸಿದ. ಬಿರುಗಾಳಿ ಎಲ್ಲ ಕಡೆಯೂ ಒಟ್ಟಿಗೆ ಎದ್ದಿರಲಿಲ್ಲ. ಒಂದು ಕಡೆಯಿಂದ ಇನ್ನೊಂದು ಕಡೆಗೆ ನಡೆದು ಬಂದಿತ್ತು. ಇಲ್ಲೇ ಗುಟ್ಟು ಇರುವುದು. ಬಿರುಗಾಳಿಗೆ ಒಂದು ಊರಿಂದ ಇನ್ನೊಂದು ಊರಿಗೆ ಬರಲು ಗಂಟೆಗಳೇ ಬೇಕು. ಆದರೆ ತಂತಿ ಸುದ್ದಿ, ಅಂದರೆ ಟೆಲಿಗ್ರಾಂ, ನಿಮಿಷಗಳಲ್ಲಿ ಮುಟ್ಟುತ್ತದೆ. (ನಮ್ಮ ದೇಶದಲ್ಲಿ ಟೆಲಿಗ್ರಾಂ ಸೇವೆ 2013ರಲ್ಲಿ ನಿಂತಿತು. ಅದು ಹೇಗಿತ್ತು ಎಂದು ಅಜ್ಜನನ್ನು ಕೇಳಿ.) ಪಶ್ಚಿಮದ ಊರಿನಲ್ಲಿ ಪಾದರಸ ಇಳಿದ ಕೂಡಲೇ ತಂತಿ ಕಳಿಸಿದರೆ ಪೂರ್ವದ ಬಂದರಿನಲ್ಲಿ ಹಡಗುಗಳನ್ನು ನಿಲ್ಲಿಸಬಹುದು.

ಸರ್ಕಾರ 1860ರಲ್ಲಿ ಒಪ್ಪಿತು. ಕರಾವಳಿಯ ಸುಮಾರು 15 ಊರುಗಳಿಂದ ಪ್ರತಿ ಬೆಳಗ್ಗೆ ಒತ್ತಡ, ಉಷ್ಣತೆ, ಗಾಳಿಯ ದಿಕ್ಕು ಮತ್ತು ಬಲ ಲಂಡನ್ನಿಗೆ ತಂತಿಯಲ್ಲಿ ಬರತೊಡಗಿದವು. ಅವನ್ನು ನೋಡಿ, ಹಳೆಯ ದಾಖಲೆಗಳ ಜೊತೆ ಹೋಲಿಸಿ, ಅಪಾಯ ಕಂಡರೆ ಫಿಟ್ಜ್‌ರಾಯ್ ಬಂದರುಗಳಿಗೆ ತಂತಿ ಕಳಿಸುತ್ತಿದ್ದ. ಬಂದರಿನಲ್ಲಿ ಎತ್ತರದ ಕಂಬಕ್ಕೆ ಕ್ಯಾನ್ವಾಸ್ ಬಟ್ಟೆಯ ಒಂದು ಆಕಾರವನ್ನು ಏರಿಸುತ್ತಿದ್ದರು. ಶಂಕುವಿನ ತುದಿ ಮೇಲಕ್ಕಿದ್ದರೆ ಉತ್ತರದ ಕಡೆಯಿಂದ ಬಿರುಗಾಳಿ ನಿರೀಕ್ಷೆ. ತುದಿ ಕೆಳಕ್ಕಿದ್ದರೆ ದಕ್ಷಿಣದಿಂದ. ಡೋಲಿನ ಆಕಾರ ಇದ್ದರೆ ಒಂದಾದ ಮೇಲೊಂದು ಎದುರು ದಿಕ್ಕುಗಳಿಂದ. ರಾತ್ರಿಯಾದರೆ ಲಾಂದ್ರಗಳನ್ನು ಅದೇ ಆಕಾರದಲ್ಲಿ ತೂಗುಹಾಕುತ್ತಿದ್ದರು. ಓದು ಬರಹ ಬಾರದ ಮೀನುಗಾರನಿಗೂ ದೂರದಿಂದ ಕಾಣಬೇಕಲ್ಲ!

ಮೊದಲ ಎಚ್ಚರಿಕೆ ಹೊರಟದ್ದು 1861ರ ಫೆಬ್ರವರಿ 6ರಂದು. ಕೆಲವು ಹಡಗುಗಳವರು ಅದನ್ನು ಲೆಕ್ಕಿಸದೆ ಸಮುದ್ರಕ್ಕೆ ಹೋದರು. ಬಿರುಗಾಳಿ ಬಂದೇ ಬಂತು. ಈಶಾನ್ಯ ಕರಾವಳಿಯಲ್ಲಿ ಹಡಗುಗಳು ಒಡೆದವು.

ಈ ಎಚ್ಚರಿಕೆಯ ಅರ್ಥವನ್ನು ಫಿಟ್ಜ್‌ರಾಯ್ ಬಂದರುಗಳಿಗೆ ಬಿಡಿಸಿ ತಿಳಿಸಿದ್ದ. ಶಂಕು ಏರಿದರೆ ಗಾಳಿ ಬಂದೇ ಬರುತ್ತದೆ ಎಂದು ಅರ್ಥವಲ್ಲ. ಸುತ್ತಲೆಲ್ಲೋ ವಾತಾವರಣ ಕೆಟ್ಟಿದೆ, ಎಚ್ಚರದಿಂದಿರಿ, ನಿಮ್ಮ ವಾಯುಭಾರಮಾಪಕವನ್ನೂ ಆಕಾಶವನ್ನೂ ನೋಡಿ ನೀವೇ ತೀರ್ಮಾನಿಸಿ ಎಂದು ಅರ್ಥ. ಅದಕ್ಕೆಂದೇ ಬಡ ಮೀನುಗಾರರ ಊರುಗಳಿಗೆ ಗಟ್ಟಿಮುಟ್ಟಾದ ವಾಯುಭಾರಮಾಪಕಗಳನ್ನೂ ಕೊಡಿಸಿದ್ದ.

ಇಷ್ಟಕ್ಕೇ ನಿಂತಿದ್ದರೆ ಆತನಿಗೆ ಅಷ್ಟು ತೊಂದರೆ ಬರುತ್ತಿರಲಿಲ್ಲವೇನೋ. ಆದರೆ ಬೆಳಗ್ಗೆ ಬಂದ ಅಂಕಿಗಳು ಹೇಗೂ ಕೈಯಲ್ಲಿವೆ, ಅವನ್ನು ಎಲ್ಲ ಜನರಿಗೂ ಏಕೆ ತಿಳಿಸಬಾರದು ಎಂದು ಆತನಿಗೆ ಅನ್ನಿಸಿತು. 1861ರ ಆಗಸ್ಟ್ 1ರಂದು ಲಂಡನ್ನಿನ ಟೈಮ್ಸ್ ಪತ್ರಿಕೆಯಲ್ಲಿ ಮೊದಲ ಹವಾ ಮುನ್ಸೂಚನೆ ಅಚ್ಚಾಯಿತು. ನಾಲ್ಕೇ ಸಾಲು. ಮುಂದಿನ ಎರಡು ದಿನ ಉತ್ತರದಲ್ಲಿ, ಪಶ್ಚಿಮದಲ್ಲಿ, ದಕ್ಷಿಣದಲ್ಲಿ ಗಾಳಿ ಯಾವ ಕಡೆಯಿಂದ, ಎಷ್ಟು ಜೋರು ಎಂದು. ಮೂರೂ ಕಡೆ ಹವೆ ಚೆನ್ನಾಗಿರುತ್ತದೆ ಎಂದು ಅದರಲ್ಲಿತ್ತು.

ಆತ ಇದಕ್ಕೆ ಹೆಸರು ಇಡುವಾಗ ಬಹಳ ಯೋಚಿಸಿದ. ಆಗ ಇಂಗ್ಲೆಂಡಿನಲ್ಲೂ ಪಂಚಾಂಗಗಳಿದ್ದವು. ಗ್ರಹ ನಕ್ಷತ್ರ ನೋಡಿ ವರ್ಷದ ಮಳೆ ಗಾಳಿ ಹೇಳುವ ಪುಸ್ತಕಗಳು ಲಕ್ಷಗಟ್ಟಲೆ ಮಾರಾಟವಾಗುತ್ತಿದ್ದವು. ತನ್ನ ಕೆಲಸವನ್ನು ಜನ ಅದರ ಜೊತೆ ಸೇರಿಸಬಾರದು. ಆದ್ದರಿಂದ ಭವಿಷ್ಯ ನುಡಿಯುವುದು ಎಂಬರ್ಥದ ಪದಗಳನ್ನು ಆತ ಬಿಟ್ಟ. ಫೋರ್‌ಕಾಸ್ಟ್ ಎಂಬ ಪದವನ್ನು ಆರಿಸಿಕೊಂಡ. ಅಂಕಿಗಳನ್ನು ಕೂಡಿಸಿ, ಲೆಕ್ಕ ಹಾಕಿ ತಲುಪಿದ ಒಂದು ಅಭಿಪ್ರಾಯ ಎಂಬ ಅರ್ಥವನ್ನು ಅದಕ್ಕೆ ಕೊಟ್ಟ. ಅಭಿಪ್ರಾಯ ತಪ್ಪಬಹುದು. ಹೊಸ ಅಂಕಿ ಬಂದರೆ ಬದಲಾಗಬಹುದು. ಇದನ್ನೆಲ್ಲ ಪತ್ರಿಕೆಗೆ ಪತ್ರ ಬರೆದು ತಿಳಿಸಿದ, ಹವಾಮಾನದ ಮೇಲೆ ತಾನು ಬರೆದ ದಪ್ಪ ಪುಸ್ತಕದಲ್ಲೂ ವಿವರಿಸಿದ.

ಆದರೆ ಮಕ್ಕಳೇ, ಆ ದಪ್ಪ ಪುಸ್ತಕ ಓದಿದವರು ಎಷ್ಟು ಜನ? ಪತ್ರಿಕೆಯ ನಾಲ್ಕು ಸಾಲು ಓದಿದವರು ಎಷ್ಟು ಜನ? ಆ ನಾಲ್ಕು ಸಾಲಿನ ತಲೆಯಲ್ಲಿ ಇದು ಸಂಭವನೀಯ ಹವೆ ಎಂದು ಅಚ್ಚಾಗಿತ್ತು. ಒಂದೇ ಒಂದು ಪದ. ಅದರ ಕೆಳಗೆ ಇದ್ದದ್ದು ಗಾಳಿಯ ದಿಕ್ಕು, ಮತ್ತೆ ಹವೆ ಚೆನ್ನ ಎಂಬ ಮಾತು. ಓದುವವರ ಕಣ್ಣು ಹೋಗುತ್ತಿದ್ದುದು ಕೆಳಗಿನ ಮಾತಿಗೆ. ನಾಳೆ ಕುದುರೆ ಜೂಜಿಗೆ ಹೋಗಬೇಕೆಂದವರಿಗೆ, ಬಟ್ಟೆ ಒಗೆಯಬೇಕೆಂದವರಿಗೆ ಬೇಕಾದದ್ದು ಹೌದು ಅಥವಾ ಇಲ್ಲ. ರಾಣಿ ವಿಕ್ಟೋರಿಯಾ ಕೂಡ ವೈಟ್ ದ್ವೀಪಕ್ಕೆ ದೋಣಿಯಲ್ಲಿ ಹೋಗುವ ಮೊದಲು ಫಿಟ್ಜ್‌ರಾಯ್ ಮನೆಗೆ ಆಳನ್ನು ಕಳಿಸಿ ಹವೆ ಹೇಗಿರುತ್ತದೆ ಎಂದು ಕೇಳಿಸುತ್ತಿದ್ದರಂತೆ.

ಹದಿನೈದು ಊರುಗಳ ಅಂಕಿ, ನಾಲ್ಕೈದು ಜನ, ಉಪಗ್ರಹ ಇಲ್ಲ, ಕಂಪ್ಯೂಟರ್ ಇಲ್ಲ. ಪಶ್ಚಿಮಕ್ಕೆ ಬರೀ ಅಟ್ಲಾಂಟಿಕ್ ಸಾಗರ. ಅಲ್ಲಿಂದ ಏನು ಬರುತ್ತಿದೆ ಎಂದು ಹೇಳುವ ಯಾವ ಊರೂ ಇಲ್ಲ. ತಪ್ಪುಗಳು ಆಗಲೇಬೇಕಿತ್ತು, ಆದವು. ಪತ್ರಿಕೆಗಳು ತಮಾಷೆ ಮಾಡತೊಡಗಿದವು. ಮುನ್ಸೂಚನೆ ಅಚ್ಚುಹಾಕುತ್ತಿದ್ದ ಟೈಮ್ಸ್ ಪತ್ರಿಕೆಯೇ 1862ರಲ್ಲಿ, ಸರಿಯಾದರೆ ಹೆಗ್ಗಳಿಕೆ ತಮಗೆ ಬೇಡ, ತಪ್ಪಾದರೆ ಹೊಣೆಯೂ ತಮ್ಮದಲ್ಲ ಎಂಬಂತೆ ಬರೆಯಿತು. ಮೀನುಗಾರಿಕೆಯ ದೊಡ್ಡ ಮಾಲೀಕರಿಗೆ ಬೇರೆ ಸಿಟ್ಟು. ಶಂಕು ಏರಿದ ದಿನ ದೋಣಿಗಳು ದಡದಲ್ಲೇ ಉಳಿಯುತ್ತಿದ್ದವು, ಆ ದಿನದ ಮೀನು ಹೋಯಿತು. ಗಾಳಿ ಬಾರದಿದ್ದರಂತೂ ಕೇಳುವುದೇ ಬೇಡ. ದೋಣಿಯಲ್ಲಿ ಹೋಗುವವರ ಮನೆಯವರ ಮನಸ್ಸು ಮಾತ್ರ ಬೇರೆಯೇ ಇತ್ತು.

ಇಲ್ಲಿ ಸ್ವಲ್ಪ ಲೆಕ್ಕ ಮಾಡೋಣ. ನಮ್ಮ ಬ್ಯಾಡಗಿ ಕಣವನ್ನೇ ತೆಗೆದುಕೊಳ್ಳಿ. ಅಂಕಿಗಳು ಬರೀ ಲೆಕ್ಕಕ್ಕೆ. ಕಾಯಿ ಒಟ್ಟುಗೂಡಿಸಿ ತಾಡಪತ್ರಿ ಹೊದಿಸಲು ಕೂಲಿ 500 ರೂಪಾಯಿ ಎನ್ನಿ. ತೊಯ್ದರೆ ಆಗುವ ನಷ್ಟ 10,000 ರೂಪಾಯಿ. ಹತ್ತರಲ್ಲಿ ಮೂರು ಪಾಲು ಮಳೆಯ ಸಾಧ್ಯತೆ ಇದೆ ಎಂದು ಮುನ್ಸೂಚನೆ ಬಂತು. ಅಂಥ ಹತ್ತು ದಿನಗಳಲ್ಲೂ ಹೊದಿಸಿದರೆ ಖರ್ಚು 5,000. ಒಮ್ಮೆಯೂ ಹೊದಿಸದಿದ್ದರೆ ಸುಮಾರು ಮೂರು ಸಲ ತೊಯ್ದು 30,000 ನಷ್ಟ. ಹತ್ತರಲ್ಲಿ ಏಳು ದಿನ ಸುಮ್ಮನೆ ಹೊದಿಸಿದಂತಾಯಿತು, ನಿಜ. ಆದರೂ ಹೊದಿಸುವುದೇ ಲಾಭ. ಹಡಗಿನ ವಿಷಯದಲ್ಲಿ ಕಳೆದುಕೊಳ್ಳುವುದು ಹಣವನ್ನಲ್ಲ, ಜೀವವನ್ನು. ಪಾಂಪೆರೊ ಗಾಳಿಯಲ್ಲಿ ಇಬ್ಬರನ್ನು ಕಳೆದುಕೊಂಡ ಫಿಟ್ಜ್‌ರಾಯ್ ಸುಳ್ಳು ಎಚ್ಚರಿಕೆಗೆ ಹೆದರದೆ ಶಂಕು ಏರಿಸುತ್ತಿದ್ದುದು ಇದಕ್ಕೇ.

ಆದರೆ ತೋಳ ಬಂತು ತೋಳ ಎಂದು ಕೂಗಿದ ಕುರಿಗಾಹಿ ಹುಡುಗನ ಕತೆಯೂ ನಿಮಗೆ ಗೊತ್ತಲ್ಲ. ಪದೇ ಪದೇ ಸುಳ್ಳಾದರೆ ನಿಜವಾದ ದಿನ ಯಾರೂ ಕೇಳುವುದಿಲ್ಲ. ಆ ಹುಡುಗ ಬೇಕೆಂದೇ ಸುಳ್ಳು ಹೇಳಿದ. ಫಿಟ್ಜ್‌ರಾಯ್ ತನಗೆ ಕಂಡದ್ದನ್ನೇ ಹೇಳಿದ. ಆದರೆ ಎಷ್ಟು ಖಾತ್ರಿ ಎಂಬುದನ್ನು ಅಂಕಿಯಲ್ಲಿ ಹೇಳುವ ದಾರಿ ಆಗ ಇನ್ನೂ ಹುಟ್ಟಿರಲಿಲ್ಲ. ಹತ್ತರಲ್ಲಿ ಒಂಬತ್ತು ಪಾಲು ಅನುಮಾನವಿಲ್ಲದ ದಿನವೂ ಅದೇ ಶಂಕು, ಅರ್ಧಂಬರ್ಧ ಅನುಮಾನವಿದ್ದ ದಿನವೂ ಅದೇ ಶಂಕು. ಈ ಕೊರತೆಯೇ ಆತನಿಗೆ ಮುಳುವಾಯಿತು.

ವಿಜ್ಞಾನಿಗಳಲ್ಲೂ ಹಲವರು ಆತನನ್ನು ಒಪ್ಪಲಿಲ್ಲ. ಯಾವ ನಿಯಮದಿಂದ ಹೇಳುತ್ತೀರಿ ತೋರಿಸಿ ಎಂದರು. ಆತನ ಬಳಿ ಅನುಭವ ಇತ್ತು, ಗಣಿತದ ನಿಯಮ ಇರಲಿಲ್ಲ. ಆತ ಉತ್ತರ ಬರೆದ, ಮತ್ತೆ ಬರೆದ. ಹಗಲು ರಾತ್ರಿ ದುಡಿದು ಆರೋಗ್ಯ ಕೆಟ್ಟಿತು. ಕಿವಿ ಮಂದವಾಯಿತು. ಕೈಯಲ್ಲಿದ್ದ ಹಣವನ್ನೆಲ್ಲ ಜನರ ಕೆಲಸಕ್ಕೆ ಖರ್ಚು ಮಾಡಿ ಮುಗಿಸಿದ್ದ. ಮನಸ್ಸನ್ನು ಕುಗ್ಗಿಸುವ ಕಾಯಿಲೆ ಹಿಡಿಯಿತು. ಅದಕ್ಕೆ ಆ ಕಾಲದಲ್ಲಿ ಸರಿಯಾದ ಚಿಕಿತ್ಸೆ ಇರಲಿಲ್ಲ. 1865ರ ಏಪ್ರಿಲ್ 30ರಂದು, 59ನೆಯ ವಯಸ್ಸಿನಲ್ಲಿ ಆತ ತೀರಿಕೊಂಡ. ಮನೆಯವರಿಗೆ ಉಳಿದದ್ದು ಸಾಲ. ಅವರ ಸಹಾಯಕ್ಕೆ ಸಂಗ್ರಹಿಸಿದ ನಿಧಿಗೆ ಡಾರ್ವಿನ್ 100 ಪೌಂಡ್ ಕೊಟ್ಟ. ಜೀವವಿಕಾಸದ ವಿಷಯದಲ್ಲಿ ಅವರಿಬ್ಬರಿಗೂ ದೊಡ್ಡ ಜಗಳವೇ ಇತ್ತು ಎಂಬುದನ್ನು ಇಲ್ಲಿ ನೆನೆಯಬೇಕು.

ಫ್ರಾನ್ಸಿಸ್ ಗಾಲ್ಟನ್ ಎಂಬ ವಿಜ್ಞಾನಿ ಮುಖ್ಯಸ್ಥನಾಗಿದ್ದ ಒಂದು ಸಮಿತಿ ಆತನ ಕೆಲಸವನ್ನು ಪರಿಶೀಲಿಸಿತು. ಅದರ ವರದಿಯ ನಂತರ 1866ರಲ್ಲಿ ಪತ್ರಿಕೆಯ ಮುನ್ಸೂಚನೆ ನಿಂತಿತು. ಅದೇ ವರ್ಷದ ಕೊನೆಗೆ ಬಂದರುಗಳ ಶಂಕುಗಳೂ ಇಳಿದವು. ಸರಿಯಾದ ನಿಯಮ ಗೊತ್ತಾಗುವವರೆಗೆ ಏನೂ ಹೇಳದಿರುವುದೇ ಒಳ್ಳೆಯದು ಎಂದು ವಿಜ್ಞಾನಿಗಳು ಭಾವಿಸಿದರು.

ಆಗ ಎದ್ದು ನಿಂತವರು ಯಾರು ಬಲ್ಲಿರಾ? ಬಂದರಿನ ಜನ, ನಾವಿಕರು. ಅರ್ಧ ಗೊತ್ತಿರುವ ಎಚ್ಚರಿಕೆಯೂ ನಮಗೆ ಬೇಕು ಎಂದು ಅವರು ಒತ್ತಾಯಿಸಿದರು. ಪಾರ್ಲಿಮೆಂಟಿನಲ್ಲಿ ಇದನ್ನು ಕೇಳಿದವರಲ್ಲಿ ಕರ್ನಲ್ ಸೈಕ್ಸ್ ಎಂಬುವರೂ ಇದ್ದರು. ಅವರು ಬಹಳ ವರ್ಷ ನಮ್ಮ ದಖ್ಖನ್ ಸೀಮೆಯಲ್ಲಿ ಕೆಲಸ ಮಾಡಿ, ಇಲ್ಲಿನ ವಾಯುಭಾರ ಮತ್ತು ಮಳೆಯ ಮೇಲೆ ಪ್ರಬಂಧ ಬರೆದಿದ್ದವರು. ಒಂದೇ ವರ್ಷದಲ್ಲಿ ಬಿರುಗಾಳಿ ಎಚ್ಚರಿಕೆ ಮತ್ತೆ ಶುರುವಾಯಿತು. ಪತ್ರಿಕೆಯ ಮುನ್ಸೂಚನೆ ಮರಳಲು ಮಾತ್ರ 1879ರವರೆಗೆ ಕಾಯಬೇಕಾಯಿತು. ಈ ನಡುವೆ 1875ರಲ್ಲಿ ಟೈಮ್ಸ್ ಪತ್ರಿಕೆ ಒಂದು ಹವಾಮಾನ ನಕ್ಷೆ ಅಚ್ಚುಹಾಕಿತು. ತಯಾರಿಸಿದವರು ಅದೇ ಗಾಲ್ಟನ್. ಆ ನಕ್ಷೆಯಲ್ಲಿದ್ದದ್ದು ನಾಳೆಯ ಹವೆಯಲ್ಲ, ನಿನ್ನೆಯದು. ತಪ್ಪಾಗುವ ಭಯವೇ ಇಲ್ಲ!

ನಮ್ಮ ದೇಶದ ಕತೆಯೂ ಹೆಚ್ಚು ಕಡಿಮೆ ಹೀಗೇ ನಡೆಯಿತು. ಫಿಟ್ಜ್‌ರಾಯ್ ಇನ್ನೂ ಬದುಕಿದ್ದಾಗಲೇ, 1864ರ ಅಕ್ಟೋಬರ್ 5ರಂದು, ಕಲ್ಕತ್ತೆಗೆ ಚಂಡಮಾರುತ ಅಪ್ಪಳಿಸಿ ಸುಮಾರು 60 ಸಾವಿರ ಜನ ಸತ್ತರೆಂದು ಅಂದಾಜು. ಮರುವರ್ಷ ಆ ಬಂದರಿಗೆ ಬಿರುಗಾಳಿ ಎಚ್ಚರಿಕೆಯ ವ್ಯವಸ್ಥೆ ಬಂತು. 1875ರಲ್ಲಿ ಭಾರತದ ಹವಾಮಾನ ಇಲಾಖೆ ಹುಟ್ಟಿತು, ಹೆನ್ರಿ ಬ್ಲ್ಯಾನ್‌ಫೋರ್ಡ್ ಅದರ ಮೊದಲ ಮುಖ್ಯಸ್ಥ. ಮುಂದಿನ ವರ್ಷವೇ ಮಳೆ ಕೈಕೊಟ್ಟು 1876-78ರ ಮಹಾ ಕ್ಷಾಮ ಬಂತು. ಆಗ ಧಾರವಾಡ ಜಿಲ್ಲೆಗೆ ಸೇರಿದ್ದ ನಮ್ಮ ಸೀಮೆಯೂ ಅದರಲ್ಲಿ ನರಳಿತು. ಮಳೆಗಾಲ ಹೇಗಿರುತ್ತದೆ ಎಂದು ಮೊದಲೇ ಹೇಳಲು ಸಾಧ್ಯವೇ ಎಂದು ಸರ್ಕಾರ ಬ್ಲ್ಯಾನ್‌ಫೋರ್ಡ್‌ನನ್ನು ಕೇಳಿತು. ಆತ ಹಿಮಾಲಯದ ಹಿಮಕ್ಕೂ ಮುಂಗಾರಿಗೂ ಸಂಬಂಧ ಹುಡುಕಿ, 1880ರ ದಶಕದಲ್ಲಿ ಮುಂಗಾರಿನ ಮುನ್ಸೂಚನೆ ಆರಂಭಿಸಿದ. ಅವನ ನಂತರ ಬಂದ ಜಾನ್ ಎಲಿಯಟ್ 1899ರಲ್ಲಿ ಒಳ್ಳೆಯ ಮಳೆ ನಿರೀಕ್ಷಿಸಿದ, ಆದರೆ ಭೀಕರ ಬರ ಬಂತು. ಪತ್ರಿಕೆಗಳು ಹರಿಹಾಯ್ದವು. ಅದಾದ ಮೇಲೆ ಕೆಲವು ವರ್ಷ ಮುನ್ಸೂಚನೆಯನ್ನು ಗುಟ್ಟಾಗಿ ಅಧಿಕಾರಿಗಳಿಗೆ ಮಾತ್ರ ಕಳಿಸುತ್ತಿದ್ದರು, ಪತ್ರಿಕೆಗೆ ಕೊಡುತ್ತಿರಲಿಲ್ಲ. ಬರ ಬಂದರೆ ಹೊಲದಲ್ಲಿ ನಿಂತಿರುವವನು ರೈತ. ಸುದ್ದಿ ಮಾತ್ರ ಅವನಿಗೆ ಇಲ್ಲ.

ಈಗ ಪತ್ರಿಕೆಯ ಆ ಮೂಲೆಗೆ ಮತ್ತೆ ಬರೋಣ. ಹವಾಮಾನ ಇಲಾಖೆ ಬಳಸುವ ಒಂದೊಂದು ಪದಕ್ಕೂ ಅಳತೆ ಇದೆ. ಒಂದು ಪ್ರದೇಶದಲ್ಲಿ 100 ಮಳೆಮಾಪನ ಕೇಂದ್ರಗಳಿವೆ ಎಂದುಕೊಳ್ಳಿ. ಒಂದೆರಡು ಕಡೆ ಮಳೆ ಎಂದರೆ 25 ಅಥವಾ ಅದಕ್ಕಿಂತ ಕಡಿಮೆ ಕೇಂದ್ರಗಳಲ್ಲಿ ಮಳೆ. ಕೆಲವು ಕಡೆ ಎಂದರೆ 26ರಿಂದ 50. ಹಲವು ಕಡೆ ಎಂದರೆ 51ರಿಂದ 75. ಬಹುತೇಕ ಕಡೆ ಎಂದರೆ ಅದಕ್ಕೂ ಹೆಚ್ಚು. ಭಾರೀ ಮಳೆ ಎಂಬುದಕ್ಕೂ ಅಳತೆಯಿದೆ: ಒಂದು ದಿನದಲ್ಲಿ 64.5 ಮಿಲಿಮೀಟರ್ ದಾಟಬೇಕು. 115.6 ದಾಟಿದರೆ ಅತಿ ಭಾರೀ ಮಳೆ. ಹಳದಿ, ಕಿತ್ತಳೆ, ಕೆಂಪು ಬಣ್ಣದ ಎಚ್ಚರಿಕೆಗಳು ಮಳೆ ಎಷ್ಟು ಎಂಬುದನ್ನು ಮಾತ್ರ ಹೇಳುವುದಿಲ್ಲ. ಆಗುವ ಸಾಧ್ಯತೆ ಎಷ್ಟು, ಆದರೆ ಹಾನಿ ಎಷ್ಟು ಎಂಬ ಎರಡನ್ನೂ ತೂಗಿ ಬಣ್ಣ ಕೊಡುತ್ತಾರೆ. ಫಿಟ್ಜ್‌ರಾಯ್‌ನ ಒಂದೇ ಶಂಕುವಿನ ಜಾಗದಲ್ಲಿ ಈಗ ಬಣ್ಣಗಳ ಮೆಟ್ಟಿಲು ಇದೆ ಎನ್ನಬಹುದು.

ಆದರೆ ಉತ್ತರ ಒಳನಾಡಿನ ಒಂದೆರಡು ಕಡೆ ಭಾರೀ ಮಳೆ ಸಾಧ್ಯತೆ ಎಂಬ ವಾಕ್ಯ ಟಿ.ವಿ.ಗೆ ಬರುವ ಹೊತ್ತಿಗೆ ಏನಾಗಬಹುದು? ಒಂದೆರಡು ಕಡೆ ಎಂಬುದು ಉದುರಿಹೋಗುತ್ತದೆ. ಸಾಧ್ಯತೆ ಎಂಬುದೂ ಉದುರುತ್ತದೆ. ಕೆಂಪು ಅಕ್ಷರದಲ್ಲಿ ಇಂದು ಭಾರೀ ಮಳೆ ಎಂದಷ್ಟೇ ಉಳಿಯುತ್ತದೆ. ಉತ್ತರ ಒಳನಾಡು ಎಂದರೆ ಹಾವೇರಿಯಿಂದ ಬೀದರಿನವರೆಗೆ ಇರುವ ದೊಡ್ಡ ಪ್ರದೇಶ. ಗುಡುಗು ಮಳೆಯ ಒಂದು ಮೋಡ ಕೆಲವೇ ಕಿಲೋಮೀಟರ್ ಅಗಲ. ರಾಣೆಬೆನ್ನೂರು ಪೇಟೆಯಲ್ಲಿ ಮಳೆ ಸುರಿದು ತುಂಗಭದ್ರಾ ದಂಡೆಯ ಊರಿನಲ್ಲಿ ಬಿಸಿಲು ಕಾಯುವುದನ್ನು ನೀವೇ ನೋಡಿರುತ್ತೀರಿ. ಬಿಸಿಲಿದ್ದ ಊರಿನವರು ಮುನ್ಸೂಚನೆ ಸುಳ್ಳಾಯಿತು ಎನ್ನುತ್ತಾರೆ. ನಿಜವಾಗಿ ಅದು ಸುಳ್ಳಾಗಿರಲೇ ಇಲ್ಲ.

ನೀವೂ ಒಂದು ಪ್ರಯೋಗ ಮಾಡಬಹುದು. ಮಳೆಗಾಲದ ಒಂದು ತಿಂಗಳು ಪತ್ರಿಕೆಯ ಮುನ್ಸೂಚನೆಯನ್ನು ಕತ್ತರಿಸಿ ನೋಟ್‌ಬುಕ್ಕಿಗೆ ಅಂಟಿಸಿ. ಪಕ್ಕದಲ್ಲಿ ನಿಮ್ಮ ಊರಿನಲ್ಲಿ ಮಳೆ ಆಯಿತೋ ಇಲ್ಲವೋ ಬರೆಯಿರಿ. ಬೇರೆ ಬೇರೆ ಊರಿನಿಂದ ಬರುವ ಗೆಳೆಯರೂ ಬರೆಯಲಿ. ಕೆಲವು ಕಡೆ ಎಂದ ದಿನ ನಿಮ್ಮ ತರಗತಿಯ ಎಷ್ಟು ಊರುಗಳಲ್ಲಿ ಮಳೆ ಬಿತ್ತು, ಎಣಿಸಿ ನೋಡಿ. ಫಿಟ್ಜ್‌ರಾಯ್ ಕೂಡ ತನ್ನ ಎಚ್ಚರಿಕೆಗಳಲ್ಲಿ ಸರಿಯಾದವೆಷ್ಟು, ತಪ್ಪಾದವೆಷ್ಟು ಎಂದು ಪಟ್ಟಿ ಇಡುತ್ತಿದ್ದ.

ಬ್ರಿಟನ್ನಿನ ರೇಡಿಯೋದಲ್ಲಿ ಹಡಗಿನವರಿಗಾಗಿ ಪ್ರತಿದಿನ ಸಮುದ್ರದ ಹವಾ ಮುನ್ಸೂಚನೆ ಓದುತ್ತಾರೆ. ಸುತ್ತಲಿನ ಸಮುದ್ರವನ್ನು ಭಾಗಗಳಾಗಿ ವಿಂಗಡಿಸಿ ಒಂದೊಂದಕ್ಕೂ ಹೆಸರಿಟ್ಟಿದ್ದಾರೆ. 2002ರಲ್ಲಿ ಸ್ಪೇನ್ ದೇಶದ ವಾಯವ್ಯಕ್ಕಿರುವ ಒಂದು ಭಾಗಕ್ಕೆ ಫಿಟ್ಜ್‌ರಾಯ್ ಎಂದು ಹೊಸ ಹೆಸರು ಕೊಟ್ಟರು. ಆ ವಾರ್ತೆಯಲ್ಲಿ ಬಿರುಗಾಳಿ ಈಗಲೇ ಬರಲಿದೆ ಎಂದರೆ ಆರು ಗಂಟೆಯೊಳಗೆ ಎಂದು ಅರ್ಥ. ಬೇಗ ಬರಲಿದೆ ಎಂದರೆ ಆರರಿಂದ ಹನ್ನೆರಡು ಗಂಟೆಯೊಳಗೆ. ಆಮೇಲೆ ಬರಲಿದೆ ಎಂದರೆ ಹನ್ನೆರಡು ಗಂಟೆ ಕಳೆದ ಮೇಲೆ.